ಅರ್ಧ ಕೆಂಪು, ಅರ್ಧ ಹಳದಿ

ವಾರಗಿತ್ತಿಯ ಸೀರೆ ನೋಡಿ ಹೊಟ್ಟೆ ಉರಿಸಿಕೊಂಡವರುಂಟು, ಅವಳ ಸೊಸೆಯನ್ನೋ ಮೊಮ್ಮಗುವನ್ನೋ ನೋಡಿ ಉರಿಸಿಕೊಂಡವರೂ ಉಂಟು. ವಾರಗಿತ್ತಿಯ ಕೆಮ್ಮಿಗೆ ತನ್ನ ಕೆಮ್ಮಿಗಿಂತ ಒಳ್ಳೆಯ ಮಾತ್ರೆ ಸಿಕ್ಕಿತೆಂದು ಹೊಟ್ಟೆ ಉರಿಸಿಕೊಂಡವಳು ನಲ್ಲೂರಿನ ಸುತ್ತಮುತ್ತ ಬಹುಶಃ ಪಾಪಮ್ಮ ಒಬ್ಬಳೇ.

ಶಿವರಾತ್ರಿ ಕಳೆದು ಹುಣಸೆಹಣ್ಣು ಬಿಡಿಸುವ ದಿನಗಳು. ಅಂಗಳದಲ್ಲಿ ಗೋಣಿತಾಟು ಹಾಸಿಕೊಂಡು ಓಡು ಒಡೆದು, ನಾರು ಎಳೆದು, ಬೀಜ ತೆಗೆಯುತ್ತ ಪಾಪಮ್ಮನೂ ಅವಳ ವಾರಗಿತ್ತಿ ಲಕ್ಷ್ಮೀದೇವಮ್ಮನೂ ಎರಡು ದಿನ ಎದುರುಬದುರು ಕೂತಿದ್ದರು. ಮೂರನೆಯ ದಿನ ಇಬ್ಬರಿಗೂ ಕೆಮ್ಮು ಬಂತು, ನಾಲ್ಕನೆಯ ದಿನ ಜ್ವರ.

"ಕೆಮ್ಮೋದ್ರಲ್ಲೂ ಪೈಪೋಟಿ ಇವ್ರಿಬ್ರದೂ" ಎಂದು ಪಾಪಮ್ಮನ ಗಂಡ ಮುನಿರಾಮಯ್ಯ ಜಗಲಿಯ ಮೇಲೆ ಕೂತು ನಕ್ಕ. "ಆ ಕಡೆ ಒಂದು ಸಲ ಕೆಮ್ಮಿದ್ರೆ ಈ ಕಡೆ ಎರಡು ಸಲ ಕೆಮ್ತಾಳೆ."

"ನಿಮ್ಗೆ ಬರ್ಲಿ, ಆಗ ಗೊತ್ತಾಗ್ತದೆ" ಎಂದಳು ಪಾಪಮ್ಮ.

ಮಂಗಳವಾರ ಬೆಳಿಗ್ಗೆ ಇಬ್ಬರೂ ಒಂದೇ ಆಟೋ ಹತ್ತಿ ದೇವನಹಳ್ಳಿಗೆ, ಡಾಕ್ಟರ್ ಪ್ರಮೋದಾ ಅವರ ಕ್ಲಿನಿಕ್ಕಿಗೆ ಹೊರಟರು. ಹುಣಸೆತೋಪು ದಾಟುವಾಗ ಗಾಳಿ ಸುಯ್ಯೆಂದು ಒಳಗೆ ನುಗ್ಗಿತು. ಲಕ್ಷ್ಮೀದೇವಮ್ಮ ಹೊದ್ದಿದ್ದ ಶಾಲಿನ ಅರ್ಧ ತೆಗೆದು ಪಾಪಮ್ಮನ ಕಿವಿಗೆ ಸುತ್ತಿದಳು. ಅವಳ ಮೈಯೇ ಕೆಂಡದಂತೆ ಸುಡುತ್ತಿತ್ತು, ಆದರೂ ಸುತ್ತಿದಳು.

ಇಪ್ಪತ್ತೊಂಬತ್ತು ವರ್ಷಗಳಿಂದ ಪಾಪಮ್ಮನಿಗೆ ನುಂಗಲಾಗದಿದ್ದದ್ದು ಇದೇ. ಲಕ್ಷ್ಮೀದೇವಮ್ಮ ಈ ಮನೆಗೆ ಮದುವೆಯಾಗಿ ಬರುವ ಹೊತ್ತಿಗೆ ಪಾಪಮ್ಮ ಬಂದು ಆರು ವರ್ಷವಾಗಿತ್ತು. ಆ ಆರು ವರ್ಷದಲ್ಲಿ ಅತ್ತೆ ಮುನಿವೆಂಕಟಮ್ಮ ಅವಳ ಅಡುಗೆಯನ್ನು ಒಂದು ದಿನವೂ ಹೊಗಳಿರಲಿಲ್ಲ, ತೆಗಳಿಯೂ ಇರಲಿಲ್ಲ, ಸುಮ್ಮನೆ ಉಂಡು ಎದ್ದು ಹೋಗುತ್ತಿದ್ದಳು. ಕಿರಿಸೊಸೆ ಬಂದ ಮೂರನೆಯ ದಿನ ಒಂದು ತುತ್ತು ಬಾಯಿಗಿಟ್ಟು, "ಈ ಹುಡ್ಗಿ ಕೈಯಲ್ಲಿ ಏನೋ ಐತೆ" ಎಂದುಬಿಟ್ಟಳು. ಆ ಕಿರಿಸೊಸೆ ಕೆಟ್ಟವಳಾಗಿದ್ದರೆ ಪಾಪಮ್ಮನ ಕೆಲಸ ಸುಲಭವಾಗುತ್ತಿತ್ತು. ಜಗಳ ತೆಗೆದು, ನಾಲ್ಕು ಮಾತು ಅಂದು, ಹಗುರಾಗಬಹುದಿತ್ತು. ಆದರೆ ಲಕ್ಷ್ಮೀದೇವಮ್ಮ ಜಗಳಕ್ಕೆ ಸಿಗುವ ಹೆಂಗಸಲ್ಲ. ಬಾಯ್ತುಂಬ ಅಕ್ಕಾ ಎನ್ನುವಳು, ಸುಡುವ ಮೈಯಿಂದ ಶಾಲು ತೆಗೆದು ಹೊದಿಸುವಳು. ಇಂಥವಳನ್ನು ಯಾವ ತುದಿಯಿಂದ ಹಿಡಿದು ಬೈಯುವುದು?

ಕ್ಲಿನಿಕ್ಕಿನಲ್ಲಿ ಪಾಪಮ್ಮನದೇ ಮೊದಲ ಸರದಿ. ಡಾಕ್ಟರ್ ಪ್ರಮೋದಾ ಐವತ್ತು ದಾಟಿದ ತೆಳ್ಳನೆಯ ಹೆಂಗಸು, ಇಪ್ಪತ್ತನಾಲ್ಕು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತು ಸುತ್ತಿನ ಹಳ್ಳಿಗಳ ಬಸುರಿ ಬಾಣಂತಿಯರನ್ನೆಲ್ಲ ಕಂಡವರು. ಸ್ಟೆತಸ್ಕೋಪಿನ ಬಿಲ್ಲೆ ತಣ್ಣಗಿರುತ್ತದೆಂದು ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿಕೊಂಡೇ ಎದೆಗೆ ಇಡುವರು.

"ಎಷ್ಟು ದಿನದಿಂದ ಪಾಪಮ್ಮ?"

"ಜ್ವರ ಎರಡು ದಿನದಿಂದ ಡಾಕ್ಟ್ರಮ್ಮ. ಮೈಕೈಯೆಲ್ಲಾ ನೋವು. ಮೂಗು ನೋಡಿ, ನಲ್ಲಿ ಬಿಟ್ಟಂಗೆ ಸುರೀತೈತೆ."

ಎದೆ ನೋಡಿದರು, ಬೆನ್ನು ನೋಡಿದರು, ಗಂಟಲಿಗೆ ಟಾರ್ಚ್ ಬಿಟ್ಟರು. ಬೆರಳಿಗೆ ಕ್ಲಿಪ್ ಹಾಕಿ ಆಕ್ಸಿಜನ್ ತೊಂಬತ್ತೆಂಟು ಎಂದರು. ಎರಡು ಸಾಲು ಬರೆದು ಪೆನ್ನು ಎತ್ತಿದರು. ಎತ್ತಿದ ಪೆನ್ನು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು. ಪಾಪಮ್ಮನ ಮುಖವನ್ನೊಮ್ಮೆ ನೋಡಿ, ಬೇರೊಂದು ಚೀಟಿ ತೆಗೆದುಕೊಂಡು ಅದರಲ್ಲಿ ಏನೋ ಬರೆದು, ನಾಲ್ಕಾಗಿ ಮಡಚಿ, ಪಿನ್ ಹೊಡೆದು, ಮೇಲೆ ದೊಡ್ಡ ಅಕ್ಷರದಲ್ಲಿ 'ಶನಿವಾರ' ಎಂದು ಬರೆದರು.

"ಇದು ವೈರಸ್ ಜ್ವರ ಇದ್ದಂಗಿದೆ. ಎದೆ ಚೊಕ್ಕವಾಗಿದೆ, ಆಂಟಿಬಯಾಟಿಕ್ ಬೇಡ. ಜ್ವರಕ್ಕೆ ಮಾತ್ರೆ ಬರ್ದಿದೀನಿ. ಹಬೆ ತಗೊಳ್ಳಿ, ಬಿಸಿನೀರು ಕುಡೀರಿ. ಕೆಮ್ಮು ಎರಡು ವಾರ ಇರತ್ತೆ, ಹೆದ್ರಬೇಡಿ. ಈ ಮಡಚಿದ ಚೀಟಿ ಜೋಪಾನ. ಶನಿವಾರಕ್ಕೂ ಜ್ವರ ಇಳೀಲಿಲ್ಲ ಅಂದ್ರೆ ನಂಗೆ ಫೋನ್ ಮಾಡಿ, ಆಮೇಲೆ ಬಿಚ್ಚಿ ಮೆಡಿಕಲ್ಸಲ್ಲಿ ಕೊಡಿ. ಇಳಿದ್ರೆ ಒಲೆಗೆ ಹಾಕಿ."

ಅಷ್ಟೇ. ಆಮೇಲೆ ಲಕ್ಷ್ಮೀದೇವಮ್ಮ ಕೂತಳು.

ಬೆಂಚಿನ ತುದಿಯಲ್ಲಿ ಕೂತ ಪಾಪಮ್ಮ ಒಂದನ್ನೂ ಬಿಡದೆ ನೋಡಿದಳು. ತನ್ನ ಬೆನ್ನಿಗೆ ನಾಲ್ಕು ಕಡೆ ಇಟ್ಟಿದ್ದ ಬಿಲ್ಲೆಯನ್ನು ಇವಳ ಬೆನ್ನಿಗೆ ಹತ್ತು ಕಡೆ ಇಟ್ಟರು. ಬಲಗಡೆ ಕೆಳಗೆ ಇಟ್ಟು, "ಇನ್ನೊಂದ್ಸಲ ಉಸಿರೆಳೀರಿ, ಇನ್ನೊಂದ್ಸಲ" ಎಂದರು. ಚಳಿ ನಡುಕ ಬಂದಿತ್ತಾ, ಕಫ ಯಾವ ಬಣ್ಣ, ಉಸಿರೆಳೆದರೆ ಪಕ್ಕೆ ಹಿಡಿಯುತ್ತಾ ಎಂದು ಕೇಳಿದರು. ತನ್ನನ್ನು ಕೇಳಿದ್ದು ಒಂದೇ ಮಾತು. ಆಮೇಲೆ ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಗಡಿಯಾರ ನೋಡುತ್ತ, ಒಂದು ನಿಮಿಷ ಪೂರ್ತಿ ಮಾತಾಡದೆ ಉಸಿರು ಎಣಿಸಿದರು. ಒಂದು ನಿಮಿಷ! ಹೊರಗೆ ಇಪ್ಪತ್ತು ಜನ ಕಾಯುತ್ತಿರುವಾಗ ಒಬ್ಬಳ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಒಂದು ನಿಮಿಷ!

"ಇಪ್ಪತ್ತಾರು" ಎಂದರು. ಪಕ್ಕದ ಬೀದಿಗೆ ಕಳಿಸಿ ಎಕ್ಸ್‌ರೇ ತೆಗೆಸಿದರು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಈ ಸಲ ಪೆನ್ನನ್ನು ಎಲ್ಲಿಯೂ ನಿಲ್ಲಿಸದೆ ಬರೆದರು.

"ಲಕ್ಷ್ಮೀದೇವಮ್ಮ, ನಿಮಗೆ ನ್ಯುಮೋನಿಯ. ಈ ಮಾತ್ರೆ ದಿನಕ್ಕೆ ಮೂರು, ಏಳು ದಿನ. ವಾಸಿ ಆಯ್ತು ಅನ್ನಿಸಿದ್ರೂ ಬಿಡಂಗಿಲ್ಲ." ಆಮೇಲೆ ಪಾಪಮ್ಮನ ಕಡೆ ತಿರುಗಿದರು. "ನೀವು ಪಕ್ಕದಲ್ಲೇ ಇರ್ತೀರಲ್ಲ. ಉಸಿರು ನಿಮಿಷಕ್ಕೆ ಮೂವತ್ತು ದಾಟಿದ್ರೆ ಕಾಯ್ಬೇಡಿ, ಕರ್ಕೊಂಡ್ ಬಂದ್ಬಿಡಿ."

"ನಂಗೂ ಅದ್ನೇ ಬರ್ದ್ಬಿಡಿ ಡಾಕ್ಟ್ರಮ್ಮ" ಎಂದಳು ಪಾಪಮ್ಮ. "ಇಬ್ರೂ ಒಂದೇ ಅಂಗಳದಲ್ಲಿ ಕೂತು ಒಂದೇ ಧೂಳು ಕುಡ್ದಿರೋದು."

"ಧೂಳು ಒಂದೇ ಇರ್ಬೋದು, ಕಾಯಿಲೆ ಬೇರೆ ಬೇರೆ. ಬೇಡದೆ ಇರೋರಿಗೆ ಕೊಟ್ಟು ಕೊಟ್ಟು, ಬೇಕಾದಾಗ ಔಷಧಿ ಕೆಲ್ಸಾನೇ ಮಾಡ್ದಂಗೆ ಆಗೋಗಿದೆ ಪಾಪಮ್ಮ."

ಬೇಡದೆ ಇರೋರು ಎಂಬ ಮಾತೊಂದೇ ಪಾಪಮ್ಮನ ಕಿವಿಯಲ್ಲಿ ಉಳಿದದ್ದು.

ಮೆಡಿಕಲ್ಸಿನ ಹುಡುಗಿ ಆ ಮಾತ್ರೆಯ ಪಟ್ಟಿಗಳನ್ನು ಕೌಂಟರಿನ ಮೇಲಿಟ್ಟಳು. ಅರ್ಧ ಕೆಂಪು, ಅರ್ಧ ಹಳದಿ. ಪಕ್ಕದಲ್ಲಿ ಪಾಪಮ್ಮನದು, ಸುಣ್ಣದ ಚೂರಿನಂತೆ ಬಿಳುಚಿಕೊಂಡ ಜ್ವರದ ಮಾತ್ರೆ. ಹತ್ತು ಜನ ಮುತ್ತೈದೆಯರು ಕೂತ ಮನೆಯಲ್ಲಿ ಒಂಬತ್ತು ಜನಕ್ಕೆ ಅರಿಶಿನ ಕುಂಕುಮ ಕೊಟ್ಟು ಹತ್ತನೆಯವಳನ್ನು ದಾಟಿಕೊಂಡು ಹೋದ ಹಾಗಾಯಿತು ಅವಳಿಗೆ.

ಅವರ ಮನೆ ಮೊದಲು ಒಂದೇ ಮನೆ. ಹದಿನೆಂಟು ವರ್ಷದ ಹಿಂದೆ ಅಣ್ಣತಮ್ಮಂದಿರು ಪಾಲಾದಾಗ ನಡುಮನೆಗೆ ಅಡ್ಡಗೋಡೆ ಎದ್ದಿತು. ಗೋಡೆ ಎದೆಮಟ್ಟಕ್ಕೆ ಬಂದಾಗ ಅತ್ತೆ ಮುನಿವೆಂಕಟಮ್ಮ ಗಾರೆಯವನ ಕೈ ಹಿಡಿದು ನಿಲ್ಲಿಸಿ, ಎರಡು ಇಟ್ಟಿಗೆಯಗಲದ ಒಂದು ಗೂಡನ್ನು ಆಚೆಯಿಂದೀಚೆಗೆ ತೆರೆದೇ ಬಿಡಿಸಿದಳು. "ಹೊರಗ್ನಿಂದ ಏನೇ ಬರ್ಲಿ, ಅರ್ಧ ಈ ಗೂಡಲ್ಲಿ ಇಡ್ಬೇಕು. ಇಡ್ದೆ ತಿಂದೋರ ಮನೆ ನೀರು ನಾನು ಕುಡಿಯಾಕಿಲ್ಲ" ಎಂದಿದ್ದಳು. ಅವಳು ಹೋಗಿ ಎಷ್ಟೋ ಕಾಲವಾಯಿತು, ಮಾತು ಮಾತ್ರ ನಡೆದುಕೊಂಡು ಬಂದಿತ್ತು. ಘಾಟಿ ದೇವಸ್ಥಾನದ ಪ್ರಸಾದ, ಸೊಗಡವರೆ, ಹಲಸಿನ ತೊಳೆ, ಲಕ್ಷ್ಮೀದೇವಮ್ಮನ ಮಗಳು ಚಂದನ ಹೊಸಕೋಟೆಯಿಂದ ತರುವ ಬೆಣ್ಣೆ ಬಿಸ್ಕತ್ತು, ಎಲ್ಲವೂ ಆ ಗೂಡಿನಲ್ಲಿ ಅರ್ಧವಾಗಿ ಕೂತು ದಾಟುತ್ತಿದ್ದವು. ಈ ಕಡೆಯಿಂದ ಹೋಗುವ ಅರ್ಧ ಯಾವಾಗಲೂ ಸರಿಯಾದ ಅರ್ಧ. ಆ ಕಡೆಯಿಂದ ಬರುವುದು ಅರ್ಧಕ್ಕಿಂತ ಒಂದು ಚೂರು ಹೆಚ್ಚು. ಅದೂ ಪಾಪಮ್ಮನಿಗೆ ಗೊತ್ತಿತ್ತು, ಅದೂ ಉರಿಯುತ್ತಿತ್ತು.

ಬುಧವಾರ ಬೆಳಿಗ್ಗೆ ಪಾಪಮ್ಮನ ಜ್ವರ ಇಳಿದಿರಲಿಲ್ಲ. ಗೋಡೆಯಾಚೆ ಲಕ್ಷ್ಮೀದೇವಮ್ಮ ಎದ್ದು ಕಸ ಗುಡಿಸುವ ಸದ್ದು ಕೇಳಿತು.

"ನೋಡಿದ್ರಾ?" ಎಂದು ಗಂಡನಿಗೆ, ಗೂಡಿನ ಕಡೆ ಬಾಯಿ ಮಾಡಿಕೊಂಡು ಹೇಳಿದಳು. "ಒಂದೇ ದಿನಕ್ಕೆ ಎದ್ದು ಓಡಾಡ್ತಾವ್ಳೆ. ಒಳ್ಳೆ ಮಾತ್ರೆ ಸಿಕ್ಕಿದೋರು ಏಳ್ತಾರೆ, ಬಿಸಿನೀರು ಸಿಕ್ಕಿದೋರು ಮಲಗಿರ್ತಾರೆ. ಯಾರ ಮುಖ ನೋಡಿ ಏನು ಬರೀಬೇಕು ಅಂತ ಆ ಡಾಕ್ಟ್ರಮ್ಮಂಗೆ ಚೆನ್ನಾಗಿ ಗೊತ್ತೈತೆ."

"ನಿಧಾನಕ್ಕೆ ಮಾತಾಡೇ, ಕೇಳಿಸ್ತದೆ."

"ಕೇಳಿಸ್ಲಿ ಅಂತ್ಲೇ ಆಡ್ತಿರೋದು."

ಕಸ ಗುಡಿಸುವ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಅವತ್ತು ಸಂಜೆ ದೀಪ ಹಚ್ಚಲು ಹೋದಾಗ ಗೂಡಿನಲ್ಲಿ ಸ್ಟೀಲಿನ ತಟ್ಟೆ ಕಂಡಿತು. ತಟ್ಟೆಯ ಮೇಲೆ ವೀಳ್ಯದೆಲೆ, ಎಲೆಯ ಮೇಲೆ ಹತ್ತು ಮಾತ್ರೆಯ ಒಂದು ಇಡೀ ಪಟ್ಟಿ. ಅರ್ಧ ಕೆಂಪು, ಅರ್ಧ ಹಳದಿ.

"ಅಕ್ಕಾ" ಎಂದು ಆ ಕಡೆಯಿಂದ ದನಿ ಬಂತು. "ನಂಗೆ ಜ್ವರ ಬಿಟ್ಟೈತೆ. ಹೊರಗಿಂದ ಬಂದದ್ದು ಅಲ್ವಾ, ನಿಮ್ಗೆ ಇಡ್ದೆ ಹೆಂಗೆ ತಿನ್ಲಿ? ನಿನ್ನೇನೇ ಇಡ್ಬೇಕಿತ್ತು, ತಲೆ ಓಡ್ಲಿಲ್ಲ."

ಪಾಪಮ್ಮ ತಟ್ಟೆ ತೆಗೆದುಕೊಂಡು ಒಳಗೆ ಹೋಗಿ ಒಂದು ಮಾತ್ರೆ ನುಂಗಿ, ಮೇಲೆ ಒಂದು ಲೋಟ ನೀರು ಕುಡಿದಳು. ಗಂಟಲಿನಿಂದ ಕೆಳಗೆ ಇಳಿಯುವಾಗಲೇ ಜ್ವರ ಹೆದರಿ ಓಡಿದಂತೆನಿಸಿತು. ಗುರುವಾರ ಮೂರು ನುಂಗಿದಳು. ಶುಕ್ರವಾರ ಬೆಳಿಗ್ಗೆ ಒಂದು. ಮಧ್ಯಾಹ್ನದ ಹೊತ್ತಿಗೆ ಮೈ ತಣ್ಣಗಾಯಿತು.

"ನೋಡು, ಇದೇ ಬೇಕಾಗಿತ್ತು ನಂಗೆ. ಬಚ್ಚಿಟ್ಕೊಂಡಿದ್ರು" ಎಂದು ಸೊಸೆ ಮಮತಳಿಗೆ ಹೇಳಿದಳು.

ಮಮತ ದೇವನಹಳ್ಳಿಯ ಬ್ಯಾಂಕೊಂದರಲ್ಲಿ ಕೆಲಸ ಮಾಡುವವಳು, ಆ ವಾರ ಬೆಳಿಗ್ಗೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದಳು. ಏನು ಬೇಕಾಗಿತ್ತು, ಯಾರು ಬಚ್ಚಿಟ್ಟುಕೊಂಡಿದ್ದರು ಎಂದು ಕೇಳುವಷ್ಟು ಪುರುಸೊತ್ತು ಅವಳಿಗಿರಲಿಲ್ಲ. ಶುಕ್ರವಾರ ಪಾಪಮ್ಮನಿಗೆ ನಾಲ್ಕು ಸಲ ಹೊಟ್ಟೆ ಕಳೆಯಿತು. ಅದನ್ನು ಅವಳು ಸೊಸೆ ಮಾಡಿದ ಸಾರಿನ ಮೇಲೆ ಹೊರಿಸಿದಳು. ಉಳಿದ ಐದು ಮಾತ್ರೆಯನ್ನು ಮುಂದೆ ಯಾವಾಗಲಾದರೂ ಬೇಕಾಗುತ್ತದೆಂದು ದೇವರ ಮಂಟಪದಲ್ಲಿ ಕುಂಕುಮದ ಡಬ್ಬಿಯ ಹಿಂದೆ ಇಟ್ಟಳು. ಪಿನ್ ಹೊಡೆದ ಚೀಟಿಯೂ ಅಲ್ಲೇ ಇತ್ತು.

ಶನಿವಾರ ಗೋಡೆಯಾಚೆ ಕಸಬರಿಕೆಯ ಸದ್ದಿರಲಿಲ್ಲ. ಭಾನುವಾರ ಬೆಳಿಗ್ಗೆಯೂ ಇರಲಿಲ್ಲ. ಲಕ್ಷ್ಮೀದೇವಮ್ಮನ ಗಂಡ ಆಂಜಿನಪ್ಪ ಡೈರಿಯ ಹಾಲಿನ ವ್ಯಾನು ಓಡಿಸುವವನು, ನಸುಕಿಗೇ ಹೋಗಿಬಿಟ್ಟಿದ್ದ. ಪಾಪಮ್ಮ ಮೊದಲು ಅಂದುಕೊಂಡದ್ದು ಒಳ್ಳೆಯದನ್ನೇನಲ್ಲ. ಮಗಳು ಫೋನಿನಲ್ಲಿ ರೆಸ್ಟ್ ತಗೋ ಅಂದಿರುತ್ತಾಳೆ, ಗಂಡ ತಿಂಡಿ ಮಾಡಿಟ್ಟು ಹೋಗಿರುತ್ತಾನೆ, ರಾಣಿಯ ಹಾಗೆ ಮಲಗಿರುತ್ತಾಳೆ, ನನಗೆ ಯಾವತ್ತಾದರೂ ಯಾರಾದರೂ ಹೀಗೆ ಮಾಡಿದ್ದಾರಾ. ಹೀಗೆ ಒಳಗೇ ಕುದಿಯುತ್ತ ಹಾಲು ಕಾಯಿಸಿದಳು. ಆಮೇಲೆ ಗೂಡಿಗೆ ಕಿವಿ ಕೊಟ್ಟಳು.

ಕೆಮ್ಮಿನ ಸದ್ದಲ್ಲ. ಓಡಿ ಬಂದ ನಾಯಿ ನೆರಳಲ್ಲಿ ಮಲಗಿ ತೇಕುವಾಗ ಬರುವಂಥ ಸದ್ದು.

ಪಾಪಮ್ಮ ಬೀದಿಯ ಬಾಗಿಲಿನಿಂದ ಸುತ್ತಿಕೊಂಡು ಹೋದಳು. ಲಕ್ಷ್ಮೀದೇವಮ್ಮ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಮುಖ ಬೆವೆತಿತ್ತು, ತುಟಿ ಒಣಗಿತ್ತು.

"ಬನ್ನಿ ಅಕ್ಕ. ಕಾಫಿ ಮಾಡಾಣ ಅಂದ್ರೆ ಏಳಾಕೆ ಆಗ್ತಿಲ್ಲ" ಎಂದಳು. ಎರಡು ಮಾತಿಗೆ ಮೂರು ಸಲ ಉಸಿರು ತೆಗೆದುಕೊಂಡಳು.

ಪಾಪಮ್ಮ ಅವಳ ಪಕ್ಕ ಕೂತಳು. ಮಂಗಳವಾರ ಡಾಕ್ಟರು ಮಾಡಿದ್ದೆಲ್ಲ ಅವಳ ಕಣ್ಣೊಳಗೆ ಒತ್ತಿದ ಮುದ್ರೆಯಂತೆ ಉಳಿದಿತ್ತು, ಎಷ್ಟು ಉರಿದುಕೊಂಡು ನೋಡಿದ್ದಳೋ ಅಷ್ಟು ಸ್ಪಷ್ಟವಾಗಿ. ಲಕ್ಷ್ಮೀದೇವಮ್ಮನ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಗೋಡೆಯ ಗಡಿಯಾರದ ತೆಳುಮುಳ್ಳನ್ನು ನೋಡುತ್ತ ಎಣಿಸಿದಳು. ಒಂದು ಸುತ್ತು ಪೂರ್ತಿ. ಮೂವತ್ನಾಲ್ಕು.

ತಪ್ಪಿರಬೇಕೆಂದು ಇನ್ನೊಂದು ಸಲ ಎಣಿಸಿದಳು. ಮತ್ತೆ ಮೂವತ್ನಾಲ್ಕು.

"ಮಾತ್ರೆ ತಿಂತಾ ಇದ್ಯೇನೇ?"

"ತಿಂತಾ ಇವ್ನಿ. ಏಳು ದಿನ ಬಿಡಂಗಿಲ್ಲ ಅಂದವ್ರಲ್ಲ. ಬಿಟ್ಟಿಲ್ಲ." ಲಕ್ಷ್ಮೀದೇವಮ್ಮ ಉಸಿರು ಎಳೆದುಕೊಂಡಳು. "ಉಳ್ದಿದ್ದು ಏಳೇ ಅಲ್ವಾ, ದಿನಕ್ಕೊಂದು ಮಾಡ್ಕೊಂಡೆ. ದಿನ ತಪ್ಪಿಸ್ಲಿಲ್ಲ ಅಕ್ಕ."

ಪಾಪಮ್ಮನ ಕೈ ಅವಳ ಹೊಟ್ಟೆಯ ಮೇಲೇ ಇತ್ತು. ಕೈ ತೆಗೆದು ತಟಕ್ಕನೆ ಎದ್ದಳು.

"ಮಮತಾ!" ಎಂದು ಗೂಡಿನೊಳಗೆ ಬಾಯಿಟ್ಟು ಕೂಗಿದಳು. "ಆಟೋದವ್ನಿಗೆ ಫೋನ್ ಮಾಡೇ! ಬೇಗ!"

ಆಟೋ ಬರುವಷ್ಟರಲ್ಲಿ ಅವಳು ಮನೆಗೆ ಹೋಗಿ ಕುಂಕುಮದ ಡಬ್ಬಿಯ ಹಿಂದೆ ಕೈ ಹಾಕಿದಳು. ಐದು ಮಾತ್ರೆಯ ಪಟ್ಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಏಕೆಂದು ಅವಳಿಗೇ ಆಗ ಗೊತ್ತಿರಲಿಲ್ಲ.

ಭಾನುವಾರ ಕ್ಲಿನಿಕ್ ಮಧ್ಯಾಹ್ನದವರೆಗೆ ಮಾತ್ರ. ಬೆಂಚಿನ ತುಂಬ ಜನ. ಲಕ್ಷ್ಮೀದೇವಮ್ಮನನ್ನು ಕಂಡ ಕೂಡಲೇ, ಬೆಳಿಗ್ಗೆ ಏಳರಿಂದ ಕಾಯುತ್ತಿದ್ದ ಒಬ್ಬ ಮುದುಕ ಎದ್ದು, "ಒಳಕ್ ಕರ್ಕೊಂಡ್ ಹೋಗಮ್ಮ" ಎಂದು ಪರದೆ ಸರಿಸಿ ಹಿಡಿದ.

ಬೆರಳಿನ ಕ್ಲಿಪ್ ತೊಂಬತ್ತೆರಡು ತೋರಿಸಿತು. ಡಾಕ್ಟರ್ ಪ್ರಮೋದಾ ಬೆನ್ನಿಗೆ ಬಿಲ್ಲೆ ಇಟ್ಟು ಬಹಳ ಹೊತ್ತು ಕೇಳಿದರು. ಅವರ ಹುಬ್ಬು ಗಂಟಿಕ್ಕಿತು.

"ಉಸಿರು ಮೂವತ್ನಾಲ್ಕು ಡಾಕ್ಟ್ರಮ್ಮ, ಎರಡು ಸಲ ಎಣಿಸಿದೆ" ಎಂದಳು ಪಾಪಮ್ಮ.

ಡಾಕ್ಟರು ಅವಳನ್ನು ಅಚ್ಚರಿಯಿಂದ ನೋಡಿ ತಲೆಯಾಡಿಸಿದರು. "ಲಕ್ಷ್ಮೀದೇವಮ್ಮ, ಮಾತ್ರೆ ತಗೊಂಡ್ರಾ?"

"ತಗೊಂಡೆ."

"ಮೂರು ಹೊತ್ತೂ? ಒಂದೂ ತಪ್ಪಿಸ್ದೆ?"

"ಹ್ಞೂಂ."

"ಪಟ್ಟಿ ತಂದಿದೀರಾ?"

"ಮನೇಲಿ ಬಿಟ್ಬಿಟ್ಟೆ ಡಾಕ್ಟ್ರಮ್ಮ."

ಡಾಕ್ಟರು ಕುರ್ಚಿಗೆ ಒರಗಿದರು. ಮೇಜಿನ ಗಾಜಿನ ಮೇಲೆ ಬೆರಳು ಬಡಿಯುತ್ತ, ಹೆಚ್ಚುಕಡಿಮೆ ತಮಗೆ ತಾವೇ ಹೇಳಿಕೊಂಡರು. "ಐದು ದಿನ ಸರಿಯಾಗಿ ತಗೊಂಡೂ ಹೀಗಾಗಿದೆ ಅಂದ್ರೆ, ಇದು ಆ ಔಷಧಿಗೆ ಬಗ್ಗೋ ಕ್ರಿಮಿ ಅಲ್ಲ. ಅದರ ಮೇಲಿಂದಕ್ಕೇ ಹೋಗ್ಬೇಕು. ಬೆಂಗಳೂರಿಗೆ ಕಳಿಸ್ಬೇಕು, ದೊಡ್ಡ ಇಂಜೆಕ್ಷನ್ನೇ ಶುರು ಮಾಡಿ ಅಂತ ಬರೀಬೇಕು." ಪೆನ್ನು ಕೈಗೆ ತೆಗೆದುಕೊಂಡರು. ಆದರೆ ಬರೆಯಲಿಲ್ಲ. ಅವತ್ತು ತನ್ನ ಮುಂದೆ ನಿಂತ ಹಾಗೆಯೇ ಪೆನ್ನು ಗಾಳಿಯಲ್ಲಿ ನಿಂತಿದ್ದನ್ನು ಪಾಪಮ್ಮ ನೋಡಿದಳು. ಇದು ಭೇದ ಮಾಡುವ ಕೈಯಲ್ಲ, ದಾರಿ ಕಾಣದ ಕೈ ಎಂದು ಅವಳಿಗೆ ಮೊದಲ ಸಲ ಅನ್ನಿಸಿತು.

ಅವಳ ಕೈ ಸೆರಗಿನ ಗಂಟಿಗೆ ಹೋಯಿತು. ಲಕ್ಷ್ಮೀದೇವಮ್ಮ ಅದನ್ನು ಕಂಡಳು. ಮಾತಾಡಲಾರದೆ, ಬೇಡ ಎನ್ನುವಂತೆ ಇಷ್ಟೇ ಇಷ್ಟು ತಲೆಯಾಡಿಸಿದಳು. ಜನರ ಮುಂದೆ ಅಕ್ಕನ ಮರ್ಯಾದೆ ಹೋಗಬಾರದು ಎಂಬುದಷ್ಟೇ ಆ ಕಣ್ಣಲ್ಲಿತ್ತು.

ಆಗ ಪಾಪಮ್ಮನಿಗೆ ಉರಿಯಿತು. ಇಪ್ಪತ್ತೊಂಬತ್ತು ವರ್ಷದ ಉರಿಯೆಲ್ಲ ಒಟ್ಟಿಗೆ ಎದ್ದಿತು. ಉಸಿರು ಸಿಗದೆ ಒದ್ದಾಡುವಾಗಲೂ ಇವಳೇ ಒಳ್ಳೆಯವಳಾಗಬೇಕೆ? ನನಗಾಗಿ ಸುಳ್ಳು ಹೇಳಿ, ನನಗಾಗಿ ಸತ್ತು, ಊರೆಲ್ಲ ಇವಳನ್ನೇ ಹೊಗಳುವ ಹಾಗೆ ಮಾಡಿ ಹೋಗಬೇಕೆ? ನಾನು ಬರೀ ತಿಂದವಳಾಗಿ ಉಳಿಯಬೇಕೆ? ಆ ಗಳಿಗೆಯಲ್ಲಿ ಅವಳ ಬಾಯಿ ಬಿಡಿಸಿದ್ದು ಪ್ರೀತಿಯೋ ಹೊಟ್ಟೆಯುರಿಯೋ ಅವಳಿಗೆ ಎಂದೂ ಗೊತ್ತಾಗಲಿಲ್ಲ. ಗಂಟು ಬಿಚ್ಚಿ ಪಟ್ಟಿಯನ್ನು ಮೇಜಿನ ಮೇಲಿಟ್ಟಳು.

"ಅವಳು ಸುಳ್ಳು ಹೇಳ್ತಾವ್ಳೆ ಡಾಕ್ಟ್ರಮ್ಮ. ಮೂರು ಹೊತ್ತು ತಿಂದಿಲ್ಲ. ಇಪ್ಪತ್ತೊಂದರಲ್ಲಿ ಹತ್ತು ನಂಗೆ ಕೊಟ್ಲು. ನಾನು ಕೊಂಕು ಆಡ್ದೆ, ಅದಕ್ಕೆ ಕೊಟ್ಲು. ಐದು ನಾನು ತಿಂದೆ, ಐದು ಇಲ್ಲಿ ಅವೆ. ಅವಳು ಬುಧವಾರ ರಾತ್ರಿಯಿಂದ ದಿನಕ್ಕೊಂದೇ ತಿಂದಿರೋದು."

ಪರದೆಯಾಚೆ ಬೆಂಚಿನ ಮಾತೆಲ್ಲ ನಿಂತುಹೋಗಿತ್ತು. ಪಾಪಮ್ಮ ಬೈಗುಳಕ್ಕೆ ಕಾದಳು.

ಡಾಕ್ಟರ್ ಪ್ರಮೋದಾ ಪೆನ್ನು ಕೆಳಗಿಟ್ಟು ದೀರ್ಘವಾಗಿ ಉಸಿರು ಬಿಟ್ಟರು. "ಅಬ್ಬ" ಎಂದರು. "ಬೆಳಿಗ್ಗೆಯಿಂದ ಕೇಳಿದ್ರಲ್ಲಿ ಇದೇ ಒಳ್ಳೆ ಸುದ್ದಿ."

"ಒಳ್ಳೆ ಸುದ್ದೀನಾ?"

"ಔಷಧಿ ಸೋತಿಲ್ಲ ಪಾಪಮ್ಮ. ಔಷಧಿ ಹೊಟ್ಟೆಗೇ ಹೋಗಿಲ್ಲ. ಎರಡಕ್ಕೂ ತುಂಬ ವ್ಯತ್ಯಾಸ ಇದೆ." ಅವರು ಆಗಲೇ ದೇವನಹಳ್ಳಿಯ ಸರ್ಕಾರಿ ಆಸ್ಪತ್ರೆಗೆ ಫೋನ್ ಹಚ್ಚಿದ್ದರು. ಆಕ್ಸಿಜನ್ ಬೇಕು, ಮೊದಲು ಕಫವನ್ನು ಪರೀಕ್ಷೆಗೆ ಕೊಟ್ಟು ಆಮೇಲೆ ಇದೇ ಜಾತಿಯ ಔಷಧಿಯನ್ನೇ ಇಂಜೆಕ್ಷನ್ನಿನಲ್ಲಿ ಶುರು ಮಾಡಿ, ದೊಡ್ಡದಕ್ಕೆ ಈಗಲೇ ಕೈ ಹಾಕಬೇಡಿ, ಕೋರ್ಸ್ ಪೂರ್ತಿ ಆಗಿಲ್ಲ ಎಂದು ಹೇಳಿದರು. ಅದನ್ನೇ ಕಾಗದದಲ್ಲೂ ಬರೆದರು.

ಆಂಬ್ಯುಲೆನ್ಸಿಗೆ ಕಾಯುವ ಐದು ನಿಮಿಷದಲ್ಲಿ ಅವರು ಲಕ್ಷ್ಮೀದೇವಮ್ಮನ ಬೆನ್ನಿಗೆ ತಮ್ಮ ಕುರ್ಚಿಯ ದಿಂಬನ್ನೇ ತೆಗೆದು ಇಟ್ಟರು. ಪಾಪಮ್ಮ ಅದನ್ನೂ ನೋಡಿದಳು.

"ನನ್ ಮೇಲೆ ಕೋಪ ಇಲ್ವಾ ಡಾಕ್ಟ್ರಮ್ಮ?"

"ಕೋಪ ಮಾಡ್ಕೊಳ್ಳೋಕೂ ಟೈಮ್ ಬೇಕಲ್ಲ." ಡಾಕ್ಟರು ಗಾಜಿನ ಕೆಳಗಿದ್ದ ಹಳದಿಗಟ್ಟಿದ ಒಂದು ಕಾಗದದ ಮೇಲೆ ಬೆರಳಿಟ್ಟರು. ಔಷಧಿಗಳ ಹೆಸರಿನ ಉದ್ದನೆಯ ಪಟ್ಟಿ, ಎದುರಿಗೆ ಒಂದೊಂದು ಇಂಗ್ಲಿಷ್ ಅಕ್ಷರ. "ಇದು ಇಪ್ಪತ್ತಾರು ವರ್ಷದ ಒಬ್ಬ ಹುಡುಗಿ ರಿಪೋರ್ಟು. ಮೂತ್ರದ ಸೋಂಕು, ಅಷ್ಟೇ. ಹದಿನಾಲ್ಕು ಔಷಧೀಲಿ ಹನ್ನೊಂದು ನಡೆಯಲ್ಲ ಅಂತ ಬಂತು. ಉಳಿದ ಮೂರರಲ್ಲಿ ಹೆಂಗೋ ಬದುಕಿದ್ಲು. ಚಿಕ್ಕೋಳಿದ್ದಾಗಿಂದ ಅವಳ ಒಂದೊಂದು ಶೀತಕ್ಕೂ ಆಂಟಿಬಯಾಟಿಕ್ ಬರ್ಕೊಟ್ಟೋಳು ನಾನೇ. ಅವರಮ್ಮ ಕೇಳ್ತಿದ್ರು, ಕೊಡದಿದ್ರೆ ಬೇರೆ ಕ್ಲಿನಿಕ್ಕಿಗೆ ಹೋಗ್ತಾರೆ ಅಂತ ನಾನು ಕೊಡ್ತಿದ್ದೆ. ಈಗ ಬರೆಯೋ ಮುಂಚೆ ಕೈ ತಡೆಯತ್ತೆ. ಕೊಟ್ರೂ ಭಯ, ಕೊಡದಿದ್ರೂ ಭಯ. ನಿಮಗೆ ಬೇಕಾ ಬೇಡ್ವಾ ಅಂತ ನಂಗೆ ಅವತ್ತು ನೂರಕ್ಕೆ ನೂರು ಗೊತ್ತಿರ್ಲಿಲ್ಲ. ಅದಕ್ಕೇ ಪಿನ್ ಹೊಡ್ದು ಕೊಟ್ಟೆ. ಚೀಟಿ ಬಿಚ್ಚಿದ್ರಾ?"

"ಇಲ್ಲ."

"ಅದರಲ್ಲೂ ಇದೇ ಹೆಸರು ಬರ್ದಿದೆ."

ಪಾಪಮ್ಮ ಮೇಜಿನ ಮೇಲಿದ್ದ ಕೆಂಪು ಹಳದಿ ಮಾತ್ರೆಗಳನ್ನೇ ನೋಡುತ್ತ ನಿಂತಳು. ಕೊಡದೆ ದಾಟಿಕೊಂಡು ಹೋಗಿದ್ದಾರೆಂದು ಐದು ದಿನ ಉರಿದಿದ್ದಳು. ಅವಳ ಪಾಲು ಕುಂಕುಮದ ಡಬ್ಬಿಯ ಹಿಂದೆ ಮೊದಲಿನಿಂದಲೂ ಇತ್ತು.

ಲಕ್ಷ್ಮೀದೇವಮ್ಮ ಆರು ದಿನ ಆಸ್ಪತ್ರೆಯಲ್ಲಿದ್ದಳು. ಮೊದಲ ಎರಡು ದಿನ ಉಸಿರಿನ ಲೆಕ್ಕ ಇಪ್ಪತ್ತೆಂಟಕ್ಕಿಂತ ಕೆಳಗೆ ಇಳಿಯಲಿಲ್ಲ. ಹಗಲು ಪಾಪಮ್ಮ ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕೂತು, ನರ್ಸು ಎಣಿಸುವ ಮುಂಚೆಯೇ ತಾನು ಎಣಿಸಿ ಹೇಳುತ್ತಿದ್ದಳು. ಮೂರನೆಯ ದಿನ ಇಪ್ಪತ್ತೆರಡಕ್ಕೆ ಬಂತು. ಕಫದ ಪರೀಕ್ಷೆಯ ವರದಿಯೂ ಬಂತು, ಹಳೆಯ ಔಷಧಿಯೇ ನಡೆಯುತ್ತದೆ ಎಂದು. ನೋಡಲು ಬಂದವರೆಲ್ಲ ಲಕ್ಷ್ಮೀದೇವಮ್ಮನಿಗೆ ಹಣ್ಣು ಕೊಟ್ಟು, ಹಣೆ ಮುಟ್ಟಿ, ಎಂಥ ಒಳ್ಳೆ ಮನಸ್ಸಮ್ಮ ನಿಂದು ಎಂದು ಹೋದರು. ಪಾಪಮ್ಮನ ಕಡೆ ತಿರುಗಿ ಯಾರೂ ಏನೂ ಅನ್ನಲಿಲ್ಲ. ಆಗೆಲ್ಲ ಅವಳಿಗೆ ಒಳಗೆ ಸಣ್ಣಗೆ ಚುರುಕ್ ಎನ್ನುತ್ತಿತ್ತು. ಇಷ್ಟಾದ ಮೇಲೂ ಚುರುಕ್ ಎನ್ನುತ್ತದಲ್ಲ ಎಂದು ನಾಚಿಕೆಯಾಗುತ್ತಿತ್ತು, ನಾಚಿಕೆಯಾದರೂ ಎನ್ನುತ್ತಿತ್ತು.

ಮನೆಗೆ ಬಂದ ಮೇಲೆ ಇನ್ನೂ ನಾಲ್ಕು ದಿನ ಮಾತ್ರೆ ಇತ್ತು. ಮೊದಲ ಸಂಜೆಯೇ ಪಾಪಮ್ಮ ಗೂಡಿನ ಮುಂದೆ ನಿಂತು ಹೇಳಿದಳು, "ಲೇ ಲಕ್ಷ್ಮೀ, ಕೇಳಿಲ್ಲಿ. ಇನ್ಮೇಲೆ ಈ ಗೂಡಲ್ಲಿ ಔಷಧಿ ಇಡಂಗಿಲ್ಲ. ಅತ್ತೆ ಏನೇ ಅಂದಿರ್ಲಿ."

"ಆಯ್ತಕ್ಕ."

"ಮಾತ್ರೆ ನುಂಗಿದ ಮೇಲೆ ಪಟ್ಟಿ ಇಲ್ಲಿ ತಂದು ತೋರಿಸ್ಬೇಕು. ಮೂರು ಹೊತ್ತೂ. ನಿನ್ನ ಮಾತು ನಾನು ನಂಬಾಕಿಲ್ಲ, ನೀನು ಸುಳ್ಳಿ."

ಆ ಕಡೆ ನಗು, ನಗುವಿನ ಹಿಂದೆ ಸ್ವಲ್ಪ ಕೆಮ್ಮು. "ತೋರಿಸ್ತೀನಿ."

ಮಾರನೆಯ ದಿನ ಮಧ್ಯಾಹ್ನ ಗೂಡಿನಲ್ಲಿ ಸ್ಟೀಲಿನ ತಟ್ಟೆ ಕೂತಿತ್ತು. ಆಂಜಿನಪ್ಪ ದೇವನಹಳ್ಳಿಯಿಂದ ಚಕ್ಕೋತ ತಂದಿದ್ದನಂತೆ. ಸಿಪ್ಪೆ ಸುಲಿದು, ಒಳಗಿನ ಕಹಿ ಪೊರೆಯನ್ನೂ ಬಿಡಿಸಿಟ್ಟ ನಸುಗೆಂಪು ತೊಳೆಗಳು. ಪಾಪಮ್ಮ ಎಣಿಸಿದಳು. ಎಂಟು. ಬಗ್ಗಿ ಗೂಡಿನಾಚೆ ಇಣುಕಿದಳು. ಲಕ್ಷ್ಮೀದೇವಮ್ಮನ ತಟ್ಟೆಯಲ್ಲಿ ಐದು.

"ಏನೇ ಇದು?" ಎಂದಳು.

"ಏನಕ್ಕ?"

"ಐದು ಇಟ್ಕೊಂಡು ಎಂಟು ಕೊಡ್ತೀಯಾ? ಇನ್ನೂ ಬುದ್ಧಿ ಬಂದಿಲ್ವಾ ನಿಂಗೆ?"

"ಆಸ್ಪತ್ರೇಲಿ ಆರು ದಿನ ಕೂತಿದ್ರಲ್ಲ, ತಿನ್ನಿ ಅಕ್ಕ."

ಪಾಪಮ್ಮ ಒಂದು ತೊಳೆ ತೆಗೆದು ಆ ಕಡೆಯ ತಟ್ಟೆಗೆ ಹಾಕಿದಳು. ಏಳು, ಆರು. ಇನ್ನೂ ತನ್ನದೇ ಒಂದು ಹೆಚ್ಚು. ಅದನ್ನು ಹಿಡಿದು ನಡುವೆ ಸೀಳಿದಳು. ರಸ ಮೊಣಕೈವರೆಗೆ ಹರಿಯಿತು. ಎರಡು ಚೂರನ್ನೂ ಪಕ್ಕಪಕ್ಕ ಹಿಡಿದು ನೋಡಿ, ದೊಡ್ಡದೆನಿಸಿದ್ದನ್ನು ಆ ಕಡೆಗಿಟ್ಟಳು.

"ಪಟ್ಟಿ ಎಲ್ಲೇ?"

ಗೂಡಿನೊಳಗಿಂದ ಒಂದು ಕೈ ಬಂತು, ಚಕ್ಕೋತದ ರಸಕ್ಕೆ ಅಂಟಂಟಾದ ಕೈ. ಪಾಪಮ್ಮ ಕನ್ನಡಕ ಹಾಕಿಕೊಂಡು, ಪಟ್ಟಿಯನ್ನು ಬೆಳಕಿಗೆ ಹಿಡಿದು, ಖಾಲಿ ಗುಳಿಗಳನ್ನು ಒಂದೊಂದಾಗಿ ಮುಟ್ಟಿ ಎಣಿಸತೊಡಗಿದಳು.